ಕಣ್ಣು ಬಂದ ಮೇಲೆ ರೊಟ್ಟಿ ಹರಿದದ್ದು

ಕಣ್ಣಿನ ಆಪರೇಷನ್ ಆಗಿ ಹುಡುಗಿ ಕೆಲಸಕ್ಕೆ ಮರಳಿ ಬಂದ ಮೊದಲ ದಿನವೇ ಒಂದು ಬುಟ್ಟಿ ರೊಟ್ಟಿ ಹರಿದಾವ ಅಂತ ತೆಗೆದು ಬಾಜೂಕಿಟ್ಟಳು. ನಾನು ಹೋಗಿ ಒಂದೊಂದೇ ಎತ್ತಿ ನೋಡಿದೆ. ಒಂದೂ ಹರಿದಿರಲಿಲ್ಲ. ಬ್ಯಾರೆ ಹೆಣ್ಣುಮಕ್ಕಳು ಬಡಿದು ಬೇಯಿಸಿಟ್ಟ, ದುಂಡಗೆ ತೆಳ್ಳಗೆ ಇದ್ದ ಚಲೋ ರೊಟ್ಟಿ.

"ಎಲ್ಲಿ ಹರದಾವಬೇ?" ಅಂದೆ.

"ಇಲ್ಲಿ, ಇಲ್ಲಿ, ಮತ್ತ ಇಲ್ಲಿ. ತೂತು ಬಿದ್ದಾವಲ್ಲ ಆಯಿ."

ಆಕಿ ಬೆರಳು ಮಾಡಿ ತೋರಿಸಿದ್ದು ತೂತಲ್ಲ, ಕಲೆ. ಹಂಚಿನ ಮೇಲೆ ಬೇಯುವಾಗ ಬೀಳುವ ಕಂದು ಕಲೆ. ಕಣ್ಣಿದ್ದ ಸಣ್ಣ ಕೂಸಿಗೂ ಅದು ಗೊತ್ತಿರತದ. ಈ ಹುಡುಗಿ ಹುಟ್ಟಿನಿಂದ ಕುರುಡಿ. ರೊಟ್ಟಿ ತಿಂದಿದ್ದಳು, ಬಡಿದಿದ್ದಳು, ಬೇಯಿಸಿದ್ದಳು, ನೋಡಿರಲಿಲ್ಲ. ಕಲೆ ಕೈಗೆ ತಿಳಿಯುವುದಿಲ್ಲ. ಹಂಗಾಗಿ ರೊಟ್ಟಿ ಮೇಲೆ ಕಲೆ ಇರತಾವ ಅನ್ನುವುದೇ ಆಕಿಗೆ ಗೊತ್ತಿರಲಿಲ್ಲ.

"ಮುಟ್ಟಿ ನೋಡು," ಅಂದೆ. ಮುಟ್ಟಿದಳು. ಬೆರಳಿಗೆ ಎಲ್ಲೂ ತೂತು ಸಿಗಲಿಲ್ಲ.

"ಮೊದಲ ಯಾಕ ಮುಟ್ಟಲಿಲ್ಲ?"

"ಕಣ್ಣು ಬಂದದ ಅಂದಮ್ಯಾಲ ಇನ್ನ ಮುಟ್ಟೋದು ಯಾಕ ಬೇಕು ಅಂತ ಮಾಡಿದ್ನಿ," ಅಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿನ ಹಿಂದೆ ಎಷ್ಟು ತ್ರಾಸು ಬರುವುದಿತ್ತು ಅನ್ನುವುದು ಆಗ ಯಾರಿಗೂ ತಿಳಿದಿರಲಿಲ್ಲ.

ನಮ್ಮದು ಅಫಜಲಪುರದಲ್ಲಿ ಹೆಣ್ಣುಮಕ್ಕಳ ಸಂಘ ನಡೆಸುವ ರೊಟ್ಟಿ ಕೇಂದ್ರ. ಉದ್ದನ್ನ ತಗಡಿನ ಮನೆ, ಗೋಡೆಗುಂಟ ಗ್ಯಾಸಿನ ಒಲಿಗಳು, ಒಂದೊಂದು ಒಲಿಗೆ ಒಬ್ಬೊಬ್ಬಾಕಿ. ಹಿಟ್ಟು ನೋಡುವುದು, ಎಸರಿನ ಕಾವು ನೋಡುವುದು, ಯಾರ ರೊಟ್ಟಿ ಪೇಟೆಗೆ ಹೋಗಬಹುದು ಯಾರದು ಹೋಗಬಾರದು ಅಂತ ಹೇಳುವುದು ನನ್ನ ಕೆಲಸ. ಹಂಗಂತ ನಾನೇನು ಕೈಕಟ್ಟಿ ಕೂತಾಕಿ ಅಲ್ಲ. ನನ್ನದೂ ಒಂದು ಒಲಿ ಅದ.

ಹುಡುಗಿ ಜೇವರ್ಗಿ ತಾಲೂಕಿನ ಕೊಳಕೂರದಾಕಿ. ಅಫಜಲಪುರದಲ್ಲಿ ಆಕಿ ಚಿಕ್ಕಮ್ಮನ ಮನಿ. ಚಿಕ್ಕಮ್ಮ ಕೈ ಹಿಡಿದು ಕರಕೊಂಡು ಬಂದು "ಇಕಿಗೂ ಒಂದು ಒಲಿ ಕೊಡ್ರಿ" ಅಂದಾಗ ನಾನು ಆಗೋದಿಲ್ಲ ಅಂದಿದ್ದೆ. ಕುರುಡಿಯನ್ನು ಬೆಂಕಿ ಮುಂದೆ ಕೂಡಿಸಿ ಏನಾದರೂ ಆದರೆ ಯಾರು ನೋಡಾವರು. ಹುಡುಗಿ ಏನೂ ಅನ್ನದೆ ಹಲಗಿ ಹುಡುಕಿ ಕೂತಳು, ಹಿಟ್ಟಿನ ಉಂಡಿ ಕೇಳಿದಳು, ಬಡಿದು ತೋರಿಸಿದಳು. ಆಕಿ ಸಣ್ಣಕಿದ್ದಾಗ ತಾಯಿ ತನ್ನ ಕೈ ಮೇಲೆ ಆಕಿ ಕೈ ಇಟ್ಟುಕೊಂಡು ಕಲಿಸಿದ್ದಳಂತೆ. ಆಕಿ ಬಡಿಯುವಾಗ ತಲೆ ಓರೆ ಮಾಡಿ ಕಿವಿ ರೊಟ್ಟಿ ಕಡೆ ಕೊಡುತ್ತಿದ್ದಳು. ಉಂಡಿ ದಪ್ಪ ಇದ್ದಾಗ ಸಪ್ಪಳ ಧಪ್ ಅಂತದ, ತೆಳ್ಳಗಾದಂಗೆ ಚಟ್ ಚಟ್ ಅಂತದ. ಅಂಚು ಎಲ್ಲಿ ದಪ್ಪ ಉಳಿದದ ಅನ್ನುವುದು ಆಕಿಗೆ ಆ ಸಪ್ಪಳದಲ್ಲಿ ತಿಳಿಯುತ್ತಿತ್ತು, ಉಳಿದದ್ದು ಅಂಗೈಗೆ ತಿಳಿಯುತ್ತಿತ್ತು. ಹಂಚಿನ ಮೇಲೆ ಹಾಕಿ ಒದ್ದಿ ಅರಿವಿಯಿಂದ ನೀರು ಸವರಿದ ಮೇಲೆ ತಿರುವುವ ಹೊತ್ತನ್ನು ವಾಸನಿ ಹೇಳುತ್ತಿತ್ತು. ಗೋಡೆ ಮೂಲೆಯ ಒಲಿ ಆಕಿಗೆ ಕೊಟ್ಟೆವು. ವರ್ಷ ತುಂಬುವುದರೊಳಗೆ ನಮ್ಮಲ್ಲಿ ಎಲ್ಲಕ್ಕಿಂತ ತೆಳ್ಳನ್ನ ರೊಟ್ಟಿ ಆಕಿದೇ ಆಯಿತು.

ಕಣ್ಣು ತಪಾಸಣಿಗೆ ಕರಕೊಂಡು ಹೋದಾಕಿ ನಾನು. ನಮ್ಮೂರು ನಿಂಬರ್ಗಾ. ತೊಗರಿ ರಾಶಿಗೆ ಊರಿಗೆ ಹೊಂಟಾಗ ಹುಡುಗಿ ತಾನೂ ಬರತೇನಿ ಅಂತ ಜೋಡಿ ಬಂದಿದ್ದಳು. ಆಳಂದದಲ್ಲಿ ಕಣ್ಣಿನ ಶಿಬಿರ ಅದ ಅಂತ ಬಸ್ಸಿನಲ್ಲಿ ಯಾರೋ ಅಂದರು. ಊರಿಗೆ ಹೋಗುವುದು ಬಿಟ್ಟು ಆಕಿಯನ್ನು ಆಳಂದಕ್ಕೆ ಕರಕೊಂಡು ಹೋದೆ. ಅಲ್ಲಿದ್ದ ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿ, ಹುಟ್ಟಿನಿಂದಲೇ ಪೊರೆ ಬಂದದ, ಸಣ್ಣಕಿದ್ದಾಗಲೇ ತೆಗಿಸಬೇಕಿತ್ತು, ಈಗಲೂ ತೆಗಿಬಹುದು ಅಂದರು. ಹುಡುಗಿಗೆ ಹಗಲು ರಾತ್ರಿ ಮಾತ್ರ ತಿಳಿಯುತ್ತಿತ್ತು, ಮುಖದ ಮುಂದೆ ಕೈ ಆಡಿಸಿದರೆ ನೆರಳು ತಿಳಿಯುತ್ತಿತ್ತು. ಚಿಕ್ಕಮ್ಮ ಬ್ಯಾಡ ಅಂದಳು. ಹುಡುಗಿ ಬೇಕು ಅಂದಳು. ಆ ಜಗ್ಗಾಟ ಮುಗಿದು, ಮಳಿಗಾಲ ಬಂದ ಮೇಲೆ, ಕಲಬುರಗಿಯಲ್ಲಿ ಅದೇ ಡಾಕ್ಟರಮ್ಮನ ದವಾಖಾನಿಯಲ್ಲಿ ಒಂದು ಕಣ್ಣು ಆಯಿತು, ಆಮೇಲೆ ಇನ್ನೊಂದು.

ಎರಡನೇ ಪಟ್ಟಿ ಬಿಚ್ಚುವ ದಿನ ನಾನೂ ಹೋಗಿದ್ದೆ. ಪಟ್ಟಿ ಬಿಚ್ಚಿದ ಕೂಡಲೇ ನಮ್ಮ ಮುಖ ನೋಡಿ ಆಯಿ ಅಂತಾಳ ಅಂತ ನಾನು ಮಾಡಿದ್ದೆ. ಆಕಿ ಸುತ್ತ ನೋಡಿ ಕಣ್ಣು ಮುಚ್ಚಿದಳು. "ಭಾಳ ಅದ," ಅಂದಳು. ಏನು ಭಾಳ ಅದ ಅಂದರೆ ಹೇಳಲಿಕ್ಕೆ ಬರಲಿಲ್ಲ.

ದಪ್ಪ ಚಷ್ಮಾ ಹಾಕಿ, ಡಾಕ್ಟರಮ್ಮ ಮೇಜಿನ ಮೇಲೆ ಒಂದು ಸ್ಟೀಲಿನ ಬಟ್ಟಲು, ಒಂದು ಚಮಚ ಇಟ್ಟರು.

"ಎರಡೂ ಒಂದೇ ಅದಾವೇನು?"

"ಇಲ್ರಿ, ಬ್ಯಾರೆ ಬ್ಯಾರೆ ಅದಾವ್ರಿ."

"ಯಾವುದು ಬಟ್ಟಲು?"

ಹುಡುಗಿ ಬಗ್ಗಿ ನೋಡಿದಳು, ಹಿಂದೆ ಸರಿದು ನೋಡಿದಳು. ಹೇಳಲಿಲ್ಲ. "ಮುಟ್ಟು" ಅಂದ ಕೂಡಲೇ ಬೆರಳು ತಾಗಿಸಿ "ಇದು ಬಟ್ಟಲು" ಅಂದಳು. ಮತ್ತೆ ಕೈ ತೆಗೆಸಿ ಎರಡನ್ನೂ ಜಾಗ ಬದಲಿಸಿ ಕೇಳಿದರೆ ಮತ್ತೆ ಮೂಕಿ.

ನನಗೆ ಸಿಟ್ಟು ಬಂತು. "ಕಣ್ಣು ಕೊಟ್ರಿ, ಕಾಣಿಸ್ತದ ಅಂತಾಳ, ಮತ್ತ ಬಟ್ಟಲ ಯಾಕ ತಿಳಿವಲ್ದು?" ಅಂದೆ.

"ಆಯಿ, ನಿಮ್ಮೂರ ಕಡೆ ಗಡಿ ದಾಟಿದ್ರ ಮರಾಠಿ ಮಾತಾಡ್ತಾರಲ್ಲ," ಅಂದರು ಡಾಕ್ಟರಮ್ಮ. "ಇಕಿ ಕೈ ಕನ್ನಡ ಮಾತಾಡ್ತದ, ಕಣ್ಣು ಮರಾಠಿ ಮಾತಾಡ್ತದ ಅಂತ ತಿಳ್ಕೋರಿ. ವಸ್ತು ಒಂದೇ, ಹೇಳೋ ಭಾಷಾ ಎರಡು. ಕೂಸು ಕೈಗೆ ಸಿಕ್ಕಿದ್ದೆಲ್ಲ ಹಿಡಿದು, ಬಾಯಿಗೆ ಹಾಕ್ಕೊಂಡು, ಕಣ್ಣಿಲೆ ನೋಡಿ ಈ ಎರಡೂ ಭಾಷಾ ಕೂಡಿಸ್ತದ. ಇಕಿಗೆ ಆ ವಯಸ್ಸಿನಾಗ ಕಣ್ಣಿರಲಿಲ್ಲ. ಈಗ ಕೂಡಿಸಬೇಕು. ಅದು ಕಣ್ಣಿನ ಕೆಲಸಲ್ಲ, ಮೆದುಳಿನ ಕೆಲಸ."

"ಕೂಡ್ತದೇನ್ರಿ?"

"ಕೂಡ್ತದ. ನಮ್ಮಷ್ಟು ಸಣ್ಣ ಸಣ್ಣದು ಕಾಣೋದಿಲ್ಲ. ಆದ್ರ ಕಣ್ಣಿಗೆ ಕೆಲಸ ಕೊಟ್ರ ಭಾಳ ಕಲೀತಾಳ. ನೋಡಬೇಕು, ಇಂಥಾದ್ದು ಅಂತ ಹೇಳಬೇಕು, ಆಮ್ಯಾಲ ಮುಟ್ಟಬೇಕು."

ನಾನು ಹೂಂ ಅಂದೆ. ಅರ್ಧ ಕಿವಿಯಿಂದ ಕೇಳಿದ್ದೆ ಅನ್ನುವುದು ಆಮೇಲೆ ಗೊತ್ತಾಯಿತು.

ಡಾಕ್ಟರಮ್ಮ ಹೇಳಿದಷ್ಟು ದಿನ ಮನಿಯಲ್ಲಿ ಕೂತು ಆಕಿ ಕೆಲಸಕ್ಕೆ ಬಂದಳು. ಮೊದಲ ದಿನ ಆರಿಸುವ ಕೆಲಸ ಕೊಟ್ಟೆ. ಆಗ ಆದದ್ದೇ ಆ ತೂತಿನ ಕಥಿ. ಮಾರನೇ ದಿನ ಒಲಿಗೆ ಕೂತಳು. ಉಂಡಿ ತಟ್ಟಿ ಬಡಿಯಲಿಕ್ಕೆ ಸುರು ಮಾಡಿದಳು. ರೊಟ್ಟಿ ಕೈಯ ಕೆಳಗೆ ತಿರುಗುತ್ತದಲ್ಲ, ಆಕಿ ಕಣ್ಣು ಅದರ ಹಿಂದೆ ಹೋಯಿತು. ಕಣ್ಣು ಹೋದ ಕೂಡಲೇ ಕೈ ನಿಂತಿತು. ಕೈ ನಿಂತಲ್ಲಿ ರೊಟ್ಟಿ ಹಲಗಿಗೆ ಹತ್ತಿಕೊಂಡು ಹರಿಯಿತು. ಇನ್ನೊಂದು ತಗೊಂಡಳು, ಅದೂ ಹರಿಯಿತು. ಬಾಜೂ ಒಲಿಯಾಕಿ ಬಾಯಿ ಸುಮ್ಮನಿರಲಿಲ್ಲ: "ಕಣ್ಣಿಲ್ಲದಾಗ ನಮಗ ಕಲಿಸ್ತಿದ್ದಿ. ಈಗ ನಾವ ನಿನಗ ಕಲಿಸಬೇಕೇನಬೇ?"

"ಕಲಸ್ರಿ ಅಕ್ಕ. ನೀವು ಬಡದದ್ದು ನೋಡಿದ್ರ ನನಗ ತಲಿ ಸುತ್ತತದ," ಅಂದಳು ಹುಡುಗಿ. ಬಾಯಿಗೇನು ಕಡಿಮಿ ಇರಲಿಲ್ಲ.

ಹಲಗಿ ಮೇಲೆ ಆಕಿ ಕೈಯ ನೆರಳು ಬಿದ್ದಿತ್ತು. ಅದನ್ನು ಏನೋ ಕರಿ ಅರಿವಿ ಬಿದ್ದದ ಅಂತ ಎತ್ತಿ ಒಗೆಯಲಿಕ್ಕೆ ನೋಡಿದಳು. ಹಂಚು ಎಷ್ಟು ದೂರ ಅದ ಅನ್ನುವುದು ಕಣ್ಣಿಗೆ ತಿಳಿಯದೆ ಮೊದಲೇ ಕೈ ಬಿಟ್ಟು ರೊಟ್ಟಿಯನ್ನು ಒಲಿಯ ಮೇಲೆ ಬೀಳಿಸಿದಳು. ಮೊದಲು ಕಾವಿನ ಮೇಲೆ ಅಂದಾಜು ಮಾಡಿ ಹಾಕುತ್ತಿದ್ದಾಕಿ ಎಂದೂ ತಪ್ಪಿದ್ದಿಲ್ಲ. ಎರಡನೇ ಸಲ ಬೆರಳು ಸುಟ್ಟುಕೊಂಡಳು. ಅಳಲಿಲ್ಲ. ತಲೆ ಮೇಲಿನ ಓಢಣಿ ತೆಗೆದು ಕಣ್ಣಿಗೆ ಬಿಗಿದು ಕಟ್ಟಿಕೊಂಡಳು.

ಹಳೇ ರೊಟ್ಟಿ ಮರಳಿ ಬಂತು. ಅದೇ ಸಪ್ಪಳ, ಅದೇ ತೆಳುವು.

ದಿನಾ ಹಂಗೇ ನಡೆಯಿತು. ಬೆಳಿಗ್ಗೆ ಬಂದು ಚಷ್ಮಾ ತೆಗೆದು ಗೂಟಕ್ಕೆ ಹಾಕುವುದು, ಕಣ್ಣು ಕಟ್ಟುವುದು, ಕೆಲಸ ಮುಗಿದ ಮೇಲೆ ಬಿಚ್ಚುವುದು. ಬರಬರುತ್ತ ಮನಿಗೆ ಹೋಗುವಾಗಲೂ ಕಣ್ಣು ಮುಚ್ಚಿಕೊಂಡೇ ಹೋಗುತ್ತಾಳ ಅಂತ ಚಿಕ್ಕಮ್ಮ ಹೇಳಿದಳು. ಸಂಘದ ಅಧ್ಯಕ್ಷಿಗೆ ಏನೂ ಬ್ಯಾಸರ ಇರಲಿಲ್ಲ. ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸಿ ಹಬ್ಬ, ಹತ್ತಿರ ಬಂದಿತ್ತು. ನಮ್ಮ ಕಡೆ ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಉಣ್ಣಬೇಕು, ಅದಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇಕೇ ಬೇಕು. ಪ್ಯಾಟಿ ಮಂದಿಗೆ ಮನಿಯಲ್ಲಿ ಬಡಿಯಲಿಕ್ಕೆ ಬರುವುದಿಲ್ಲ, ನಮ್ಮಲ್ಲಿಗೆ ಬರುತ್ತಾರ. ಆಗ ಒಂದು ಒಲಿ ಖಾಲಿ ಇದ್ದರೂ ನಡೆಯುವುದಿಲ್ಲ. ಖರೆ ಹೇಳಬೇಕಂದರೆ ನನಗೂ ಆಕಿ ಕಣ್ಣು ಕಟ್ಟಿಕೊಂಡದ್ದು ಸರಿ ಅನ್ನಿಸಿತ್ತು. ರೊಟ್ಟಿ ಬರಾಕತ್ತದಲ್ಲ, ಕಣ್ಣು ತಾನೇ ಕಲೀತದ ಅಂತ ಇದ್ದೆ.

ತಿಂಗಳ ತಪಾಸಣಿಗೆ ಹೋದಾಗ ಡಾಕ್ಟರಮ್ಮ ಮತ್ತೆ ಬಟ್ಟಲು ಚಮಚ ಇಟ್ಟರು. ಹುಡುಗಿ ಮತ್ತೆ ಮೂಕಿ. ಅವರು ನನ್ನ ಕಡೆ ನೋಡಿದರು. ನಾನು ಇದ್ದದ್ದು ಇದ್ದಂಗೆ ಹೇಳಿದೆ.

ಡಾಕ್ಟರಮ್ಮ ಬೈಯಲಿಲ್ಲ. ಹುಡುಗಿ ಕಡೆಗೇ ಕುರ್ಚಿ ತಿರುಗಿಸಿ ಹೇಳಿದರು. "ನೋಡವ್ವ, ಕೆಲಸ ಕೊಡದ ಕಣ್ಣನ್ನ ಮೆದುಳು ಲೆಕ್ಕಕ್ಕ ಹಿಡಿಯೋದಿಲ್ಲ. ಪೊರೆ ತೆಗ್ಯಾಕ ನಾ ಅದೀನಿ. ಇದನ್ನ ತೆಗ್ಯಾಕ ನನ್ನ ಹತ್ರ ಕತ್ತರಿ ಇಲ್ಲ."

"ಕೈ ಹೋದ್ರ ನಾ ಏನ್ ಮಾಡ್ಲಿರಿ?" ಅಂದಳು ಹುಡುಗಿ. "ಕೈ ನಂದು. ಈ ಕಣ್ಣು ಯಾರೋ ಬ್ಯಾರೇದವರು ನನ್ನ ಮನಿಯಾಗ ಬಂದು ಕುಂತಂಗ ಅದ. ನನ್ನ ಒಲಿ ಮುಂದ ಇವರನ್ನ ಯಾಕ ಕೂಡಿಸಲಿ?"

ಡಾಕ್ಟರಮ್ಮ ಮುಂದಿನ ತಪಾಸಣಿಯ ತಾರೀಖು ಚೀಟಿಯಲ್ಲಿ ಬರೆದು ಕೊಟ್ಟರು. ಕಣ್ಣು ಕಟ್ಟಿದರೆ ಬಂದ ಕಣ್ಣು ಹೋಗತದ, ಬಿಚ್ಚಿದರೆ ಕೈ ಹೋಗತದ, ಕೈ ಹೋದರೆ ಒಲಿ ಹೋಗತದ. ಆ ಒಲಿ ಇದ್ದುದಕ್ಕೇ ಆಕಿ ಯಾರ ಮನಿಯಲ್ಲೂ ಭಾರ ಆಗದೆ ಇದ್ದಳು. ಅದು ಆಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರಳಿ ಬರುವಾಗ ಬಸ್ಸಿನಲ್ಲಿ ಹುಡುಗಿ ಕಿಡಕಿ ಬಾಜೂ ಕೂತಿದ್ದಳು. ಕಣ್ಣು ಮುಚ್ಚಿದ್ದಳು.

"ತೆಗಿಬೇ. ರೊಟ್ಟಿ ಇಲ್ಲ ಇಲ್ಲಿ ಹರಿಯಾಕ," ಅಂದೆ.

ತೆಗೆದಳು. "ಎಲ್ಲ ಓಡಾಕತ್ತದ ಆಯಿ. ಹಸರು ಓಡಾಕತ್ತದ."

"ಓಡಾಕತ್ತದ್ದು ನಾವು. ತೊಗರಿ ನಿಂತಲ್ಲೇ ಅದ."

"ಕಣ್ಣು ಹಂಗ ಹೇಳವಲ್ದು."

ನಾನು ಹೊರಗೆ ನೋಡುತ್ತ ಕೂತೆ. ಅಂಗಡಿಗಳ ಬೋರ್ಡು ಹೋಗುತ್ತಿದ್ದವು. ಅವನ್ನು ನಾನು ಓದತೇನಿ, ನಿಧಾನವಾಗಿ, ಬಸ್ಸು ನಿಂತಲ್ಲಿ. ಅಕ್ಷರ ನನಗೆ ಬಂದದ್ದು ಕೂದಲು ಬೆಳ್ಳಗಾದ ಮೇಲೆ. ಮೊಮ್ಮಗಳು ಪಾಟಿ ಮೇಲೆ ಬರೆದು ತೋರಿಸಿದಾಗ ಎಲ್ಲ ಅಕ್ಷರವೂ ನನಗೆ ಒಂದೇ ಥರ ಕೊಕ್ಕಿ ಕಂಡಿದ್ದವು. ಆಮೇಲೆ ಆಕಿ ಪರಾತದಲ್ಲಿ ಹಿಟ್ಟು ಹರವಿ, ನನ್ನ ಬೆರಳು ಹಿಡಿದು, ದೊಡ್ಡದಾಗಿ ಬರೆಸಿದಳು. ಬೆರಳು ಒಂದು ಸುತ್ತು ಹೋಗಿ ಬಂದ ಅಕ್ಷರವನ್ನು ಕಣ್ಣು ಮರುದಿನ ಗುರುತು ಹಿಡಿಯಿತು. ಸಣ್ಣದಾಗಿ ಜಲ್ದಿ ಬರೆದದ್ದನ್ನು ಹಿಡಿಯಲಿಲ್ಲ, ದೊಡ್ಡದಾಗಿ ನಿಧಾನಕ್ಕೆ ಬರೆದದ್ದನ್ನು ಹಿಡಿಯಿತು.

ಹುಡುಗಿಗೆ ನಾವು ಕೊಟ್ಟದ್ದು ತಿರುಗುವ ದೊಡ್ಡ ರೊಟ್ಟಿ, ಜಲ್ದಿ ಕೆಲಸ, ಮುಂದೆ ಬೆಂಕಿ. ಕಣ್ಣಿದ್ದ ಮಕ್ಕಳಿಗೂ ನಾವು ಮೊದಲ ಅದನ್ನು ಕೊಡುವುದಿಲ್ಲ. ತಾಯಿ ರೊಟ್ಟಿ ಬಡಿಯುವಾಗ ಹೆಣ್ಣುಕೂಸು ಬಾಜೂಕ ಬಂದು ಕೂತರೆ ಅಡಿಕೆಯಷ್ಟು ಹಿಟ್ಟು ಕೊಡತೇವಿ. ಕೂಸು ಅದನ್ನು ತಟ್ಟತದ, ನೋಡತದ, ಮುರಿದು ಮತ್ತೆ ಉಂಡಿ ಮಾಡತದ, ಅರ್ಧ ತಿಂತದ. ಅಂಗೈಯಷ್ಟು ಆದರೆ ತಾಯಿ ಅದನ್ನು ಹಂಚಿನ ಅಂಚಿಗೆ ಹಾಕಿ ಸುಟ್ಟು ಕೊಡತಾಳ. ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳು ರೊಟ್ಟಿ ಕಲಿಯುವುದು ಹಂಗೇ. ಈ ಹುಡುಗಿ ಕಣ್ಣಿಗೆ ಆ ಕೂಸಿನ ರೊಟ್ಟಿ ಸಿಕ್ಕಿರಲಿಲ್ಲ.

ಅಫಜಲಪುರದಲ್ಲಿ ಇಳಿದು ನೇರ ಅಧ್ಯಕ್ಷಿ ಹತ್ತಿರ ಹೋದೆ. "ಹುಡುಗಿನ್ನ ಒಲಿಯಿಂದ ತೆಗಿತೇನಿ," ಅಂದೆ.

"ಎಳ್ಳಮಾಸಿ ಮುಂದಿಟ್ಟುಕೊಂಡಾ?" ಅಂದಳು. "ಆಯಿ, ಕಣ್ಣು ಕಟ್ಕೊಂಡು ಚಂದ ಮಾಡಾಕತ್ತಾಳಲ್ರಿ. ಹಬ್ಬ ಆದಮ್ಯಾಲ ನೋಡೂಣ."

"ಹಬ್ಬ ಆದಮ್ಯಾಲ ಜಾತ್ರಿ ಅಂತಿ, ಜಾತ್ರಿ ಆದಮ್ಯಾಲ ಲಗ್ನ ಅಂತಿ. ಕಣ್ಣು ಅಲ್ಲೀತನಕ ಕಾಯೋದಿಲ್ಲ ತಂಗಿ."

"ಆಕಿ ಒಲಿ ಯಾರು ನೋಡಾವರು?"

"ನಾ ಕೂಡತೇನಿ. ನನ್ನ ಒಲಿನೂ ನೋಡತೇನಿ, ಅದನ್ನೂ ನೋಡತೇನಿ."

"ನಿಮ್ಮ ಮೊಣಕಾಲು?"

"ಮೊಣಕಾಲಿಲೆ ಬಡಿತೇನೇನ ರೊಟ್ಟಿ?"

ಆಕಿ ನಕ್ಕಳು, ಒಪ್ಪಿದಳು. ಆದರೆ ಹಬ್ಬದ ಮಾಲು ಹೋಗುವುದರೊಳಗೆ ಹುಡುಗಿ ಕಣ್ಣು ಬಿಟ್ಟುಕೊಂಡು ಬಡಿಯದಿದ್ದರೆ ಆ ಒಲಿ ಇನ್ನೊಬ್ಬಾಕಿಗೆ ಹೋಗತದ, ಇಕಿ ಪ್ಯಾಕಿಂಗಿಗೆ ಹೋಗತಾಳ ಅಂತ ಮಾತು ಮಾಡಿಕೊಂಡಳು. ಕೆಟ್ಟ ಮಾತಲ್ಲ ಅದು. ಸಂಘ ನಡೆಸಾಕಿ ಹಂಗೇ ಅನ್ನಬೇಕು.

ಹುಡುಗಿಗೆ ಹೇಳಿದಾಗ ಆಕಿ ನನ್ನ ಜೋಡಿ ಅವತ್ತೆಲ್ಲ ಮಾತಾಡಲಿಲ್ಲ. ಮರುದಿನ ಬಾಗಿಲ ಬಾಜೂಕ, ಬೆಳಕು ಬೀಳುವಲ್ಲಿ, ಒಂದು ಹಲಗಿ ಹಾಕಿ ಕೂಡಿಸಿದೆ. ಓಢಣಿ ನಾನೇ ತಗೊಂಡು ಇಟ್ಟುಕೊಂಡೆ.

ಮೊದಲು ಮುಟ್ಟುವ ಆಟ. ಬುಟ್ಟಿಯಲ್ಲಿ ಬದನಿಕಾಯಿ, ಲಟ್ಟಣಿಗಿ, ಲೋಟ, ಕೊಬ್ಬರಿ ಗಿಟಕ, ಇಂಥಾವು ಇಟ್ಟಿದ್ದೆ. ನಾನು ಒಂದೊಂದೇ ಆಕಿ ಕೈಗೆ ಕೊಟ್ಟು, ಇದು ಏನು ಅಂತ ಕೇಳಿ, ಆಮೇಲೆ ನೋಡು ಅನ್ನುತ್ತಿದ್ದೆ. ಎಲ್ಲ ಸರಿ ಹೇಳುತ್ತಿದ್ದಳು. ಇಬ್ಬರೂ ಖುಷಿ. ಕೆಲವು ದಿನ ಹಂಗೇ ಹೋದವು. ಆಮೇಲೆ ಮುಟ್ಟಿಸದೆ ತೋರಿಸಿದರೆ ಮತ್ತೆ ಏನೂ ಇಲ್ಲ. ಡಾಕ್ಟರಮ್ಮ ಏನು ಹೇಳಿದ್ದರು ಅಂತ ಆಗ ನೆನಪು ಮಾಡಿಕೊಂಡೆ. ನೋಡಬೇಕು, ಹೇಳಬೇಕು, ಆಮೇಲೆ ಮುಟ್ಟಬೇಕು. ನಾನು ತಿರುಗಾಮುರುಗಾ ಮಾಡಿದ್ದೆ. ಕೈ ಮೊದಲೇ ಉತ್ತರ ಹೇಳಿಬಿಟ್ಟರೆ ಕಣ್ಣಿಗೇನು ಕೆಲಸ.

ಕ್ರಮ ಬದಲಿಸಿದೆ. ಕೈ ಹಿಂದೆ ಕಟ್ಟಿಕೊಂಡು ನೋಡಬೇಕು, ತಪ್ಪೋ ಸರಿಯೋ ಬಾಯಿ ಬಿಟ್ಟು ಹೇಳಬೇಕು, ಆಮೇಲೆ ಮುಟ್ಟಬೇಕು. ಮೊದಲ ಎರಡು ದಿನ ಎಲ್ಲ ತಪ್ಪು. ಆಮೇಲೆ ಒಮ್ಮೆಲೆ ಎಲ್ಲ ಸರಿ ಬರಹತ್ತಿತು. ನನಗೆ ಅನುಮಾನ ಬಂತು. ಈ ಹುಡುಗಿ ಕಳ್ಳಿ. ಹಲಗಿ ಮೇಲೆ ಇಡುವ ಸಪ್ಪಳದಲ್ಲಿ ಲೋಟ ಯಾವುದು ಲಟ್ಟಣಿಗಿ ಯಾವುದು ಅಂತ ಹೇಳುತ್ತಿದ್ದಳು. ಕೊಬ್ಬರಿ ವಾಸನಿಗೇ ಸಿಕ್ಕುತ್ತಿತ್ತು.

"ಮೂಗಿಲೆ ನೋಡಾಕತ್ತಿಯೇನ?" ಅಂದೆ.

"ಮೂಗೂ ನಂದೇ ಅಲ್ಲಾ ಆಯಿ."

ಮಡಿಚಿದ ದುಪ್ಪಟಿ ಹಾಸಿ ಅದರ ಮೇಲೆ ಸಪ್ಪಳಿಲ್ಲದಂಗೆ ಇಡಹತ್ತಿದೆ. ವಾಸನಿ ಇದ್ದದ್ದು ತೆಗೆದುಬಿಟ್ಟೆ. ಮತ್ತೆ ತಪ್ಪು ಬಂದವು. ಖರೆ ತಪ್ಪು ಬಂದ ಮೇಲೇ ಖರೆ ಸರಿ ಬರುವುದು. ಮೊದಲು ಗಟ್ಟಿಯಾಗಿ ಹಿಡಿದದ್ದು ಲಟ್ಟಣಿಗಿ. "ಉದ್ದ ಅದ. ಎರಡೂ ಕಡಿ ಸಣ್ಣ ಅದ," ಅಂತ ಬಾಯಲ್ಲಿ ಅಂದುಕೊಂಡು, ಕೈಯನ್ನು ಗಾಳಿಯಲ್ಲೇ ಉದ್ದಕ್ಕೆ ಆಡಿಸಿ, "ಲಟ್ಟಣಿಗಿ" ಅಂದಳು. ಮುಟ್ಟಿ ನೋಡಿ ಅದನ್ನು ಎದಿಗವಚಿ ಹಿಡಕೊಂಡಳು. ಬಾಜೂ ಒಲಿಯಾಕಿ, "ಸಾಕ ಬಿಡಬೇ, ಗಂಡಾ ಸಿಕ್ಕಂಗ ಮಾಡಬ್ಯಾಡ," ಅಂದಳು.

ಆ ಗಾಳಿಯಲ್ಲಿ ಕೈ ಆಡಿಸುವುದು ಆಕಿ ತಾನೇ ಕಂಡುಕೊಂಡದ್ದು. ನಾನು ಹೇಳಿದ್ದಲ್ಲ. ಕಣ್ಣು ಕಂಡದ್ದರ ಅಂಚಿಗುಂಟ ದೂರದಿಂದಲೇ ಬೆರಳು ಓಡಿಸಿದರೆ ಕೈಗೆ ಅದು ನೆನಪಾಗತದ ಅಂತ ಆಕಿ ಹೇಳುತ್ತಿದ್ದಳು. ಮುಂದೆ ಎಲ್ಲಕ್ಕೂ ಅದನ್ನೇ ಮಾಡಿದಳು. ಬಸ್ಸಿಗೂ ಮಾಡಿದಳು, ನಮ್ಮ ಮುಖಕ್ಕೂ ಮಾಡಿದಳು. ನನ್ನ ಮೂಗು ಬದನಿಕಾಯಿ ಥರ ಅದ ಅಂತ ಹೇಳಿದ್ದೂ ಆಗಲೇ.

ಇದರ ಜೋಡಿಗೇ ಕೂಸಿನ ರೊಟ್ಟಿ ಸುರು ಮಾಡಿಸಿದೆ. ಅಡಿಕೆಯಷ್ಟು ಹಿಟ್ಟು. ಒಂದು ಸಲ ತಟ್ಟು, ನಿಲ್ಲು, ನೋಡು. ದುಂಡಗೆ ಅದನೋ ಇಲ್ಲೋ ಹೇಳು. ಆಮೇಲೆ ಅಂಚಿಗುಂಟ ಬೆರಳಾಡಿಸು. ಬಡಿಯಬ್ಯಾಡ, ತಿರುಗಿಸಬ್ಯಾಡ. ಆಕಿಗೆ ಅವಮಾನ ಆಗುತ್ತಿತ್ತು. "ನಾ ಏನು ಸಣ್ಣ ಕೂಸೇನು?" ಅಂದಳು. "ಕೈ ಮುದುಕಿ, ಕಣ್ಣು ಕೂಸು. ಮುದುಕಿ ಕೂಸಿನ ಸಂಗಾಟ ನಡಿಬೇಕಂದ್ರ ಮುದುಕಿನೇ ಸಾವಕಾಶ ನಡಿಬೇಕು," ಅಂದೆ. ಆ ಮಾತು ಆಕಿಗೆ ಹಿಡಿಸಿತು ಅಂತ ಕಾಣತದ. ಮುಂದೆ ಹಟ ಮಾಡಲಿಲ್ಲ.

ಕಲೆ ತೂತಿನ ತಂಟೆ ಮಾತ್ರ ಹೋಗಿರಲಿಲ್ಲ. ಒಂದು ದಿನ ಸಣ್ಣ ರೊಟ್ಟಿ ಮೂರು ಮಾಡಿ ಬೇಯಿಸಿದೆ. ಒಂದಕ್ಕೆ ಕಲೆ ಬೀಳಿಸಿದೆ, ಒಂದಕ್ಕೆ ಬೆರಳಿನಿಂದ ತೂತು ಮಾಡಿದೆ, ಒಂದು ಹಂಗೇ ಬಿಟ್ಟೆ. ಕೈ ಹಿಂದೆ ಕಟ್ಟಿಕೊಂಡು ನೋಡು ಅಂದೆ. ಎರಡರಲ್ಲೂ ತೂತದ ಅಂದಳು. ಮುಟ್ಟಿಸಿದೆ. ಮತ್ತೆ ಇಟ್ಟೆ. ಮತ್ತೆ ತಪ್ಪು ಹೇಳಿದಳು. ನನ್ನ ಬುದ್ಧಿ ಅಲ್ಲಿಗೆ ಮುಗಿಯಿತು. ಒಲಿ ಮೇಲೆ ಹಂಚು ಕಾಯುತ್ತಿತ್ತು, ಎದ್ದು ಹೋದೆ.

ಬಂದು ನೋಡಿದರೆ ಆಕಿ ಎರಡೂ ರೊಟ್ಟಿ ಎರಡು ಕೈಯಲ್ಲಿ ಎತ್ತಿ ಹಿಡಿದು ಬಾಗಿಲ ಕಡೆ ತಿರುಗಿಸುತ್ತ, ಗೋಡೆ ಕಡೆ ತಿರುಗಿಸುತ್ತ ಕೂತಿದ್ದಳು.

"ಆಯಿ, ತೂತು ಬಾಗಲ ಕಡಿ ಹಿಡದ್ರ ಬೆಳ್ಳಗಾಗತದ, ಗ್ವಾಡಿ ಕಡಿ ಹಿಡದ್ರ ಕರ್ರಗಾಗತದ. ಕಲಿ ಎಲ್ಲಿ ಹಿಡದ್ರೂ ಅದೇ ಬಣ್ಣ."

"ಅಂದ್ರ?"

"ತೂತಿನ ಹಿಂದ ಇದ್ದದ್ದು ಕಾಣ್ತದ. ಕಲಿ ಹಿಂದ ಏನೂ ಕಾಣೋದಿಲ್ಲ. ಕಲಿ ರೊಟ್ಟಿದೇ."

ಇಷ್ಟು ವರ್ಷ ರೊಟ್ಟಿ ನೋಡಿದಾಕಿ ನಾನು, ತೂತಿಗೂ ಕಲೆಗೂ ಏನು ಫರಕು ಅಂತ ಯಾರಾದರೂ ಕೇಳಿದ್ದರೆ ತೂತು ತೂತು, ಕಲೆ ಕಲೆ ಅನ್ನುತ್ತಿದ್ದೆ. ಅಷ್ಟೇ ಹೇಳಲಿಕ್ಕೆ ಬರುತ್ತಿತ್ತು.

ಅವತ್ತಿನಿಂದ ಆಕಿ ತಪ್ಪಲಿಲ್ಲ. ರೊಟ್ಟಿ ದೊಡ್ಡದಾಗುತ್ತ ಹೋಯಿತು. ಅಂಗೈಯಷ್ಟು, ಆಮೇಲೆ ತಾಟಿನಷ್ಟು. ತಾಟಿನಷ್ಟು ಆದಾಗ ತಿರುಗಿಸಿ ಬಡಿಯಲಿಕ್ಕೆ ಬಿಟ್ಟೆ. ಮೊದಮೊದಲು ತಿರುಗುವಾಗ ಕಣ್ಣು ಅದರ ಹಿಂದೆ ಓಡುತ್ತಿತ್ತು. ರೊಟ್ಟಿ ನೋಡಬ್ಯಾಡ, ನಿನ್ನ ಕೈ ಬೀಳೋ ಜಾಗ ನೋಡು, ಅದು ತಿರುಗೋದಿಲ್ಲ ಅಂದೆ. ಅದು ಕೆಲಸಕ್ಕೆ ಬಂತು. ಹರಿದವು, ಹರಿಯಲಿಲ್ಲ ಅಂತ ಅಲ್ಲ. ಹರಿದ ಸಣ್ಣ ರೊಟ್ಟಿ ನಾವೇ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ಆ ದಿನಗಳಲ್ಲಿ ಎಲ್ಲರೂ ಸ್ವಲ್ಪ ದಪ್ಪಾದೆವು ಅಂತ ಬಾಜೂ ಒಲಿಯಾಕಿ ಈಗಲೂ ಹೇಳತಾಳ.

ಹಬ್ಬದ ಕೆಲಸ ಜೋರು ಬಂತು. ಸಜ್ಜಿ ಹಿಟ್ಟು, ಎಳ್ಳಿನ ಪರಾತ, ಮುಗಿಯದ ಎಸರು. ನಾನು ಆಕಿ ಒಲಿ ಮುಂದೆ ಕೂತು ಬೆನ್ನು ನೆಟ್ಟಗೆ ಮಾಡಲಿಕ್ಕೆ ಆಗದಂಗೆ ಆಗಿದ್ದೆ. ಹುಡುಗಿ ಬಾಗಿಲ ಹತ್ತಿರ ಎಳ್ಳು ಹಚ್ಚಿದ ರೊಟ್ಟಿ ನೋಡಿ, "ಆಯಿ, ಇದಕ್ಕ ಇರುವಿ ಹತ್ಯಾವ," ಅಂತ ಕೊಡವಿದಳು. ಕರಿ ಎಳ್ಳು ಅದು. ನಮ್ಮ ಅಧ್ಯಕ್ಷಿ ಅಯ್ಯೋ ಅಂತ ನನ್ನ ಮುಖ ನೋಡಿದಳು. ನನಗೆ ಸಮಾಧಾನ ಆಯಿತು. ಎಳ್ಳು ನೋಡಿ ಇರುವಿ ಅನ್ನುವುದು ಕಣ್ಣಿದ್ದವರ ತಪ್ಪು. ನನ್ನ ಗಂಡನೂ ಒಮ್ಮೆ ಹಂಗೇ ಕೊಡವಿದ್ದ.

ಮಾಲು ಕಳಿಸುವ ಹಿಂದಿನ ದಿನ. ಅಧ್ಯಕ್ಷಿ ನನ್ನ ಹಿಂದೆ ಬಂದು ನಿಂತು, "ಆಯಿ, ನಾಳಿಗೆ ನಮ್ಮ ಮಾತು," ಅಂದಳು. ಹೂಂ ಅಂದೆ. ರೊಟ್ಟಿ ಬಡಿದು ಎತ್ತಿ ಹಂಚಿಗೆ ಹಾಕಬೇಕು ಅನ್ನುವಷ್ಟರಲ್ಲಿ ಬಾಗಿಲ ಕಡೆಯಿಂದ ಹುಡುಗಿ ಮಾತು ಬಂತು.

"ಅದನ್ನ ಹಾಕಬ್ಯಾಡ ಆಯಿ. ಅಂಚು ಸೀಳ್ಯಾದ."

ಆಕಿ ಎದ್ದು ಬಂದಿರಲಿಲ್ಲ. ಕೂತಲ್ಲಿಂದಲೇ ಹೇಳಿದ್ದಳು. ನಡುವೆ ಎರಡು ಒಲಿ ಇದ್ದವು.

"ಎಲ್ಲಿ?" ಅಂದೆ.

"ನಿನ್ನ ಎಡಗೈ ಕಡಿ. ಹೆಬ್ಬೆಟ್ಟಿನ ಕೆಳಗ. ನೀ ಎತ್ತಿದಾಗ ಹಿಂದಿನ ಬೆಂಕಿ ಅದರಾಗ ಕಾಣ್ತು."

ನಾನು ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ. ಬೂದು ಬಣ್ಣದ ಹಿಟ್ಟು, ಮೇಲೆ ಎಳ್ಳು, ಅದರಾಗ ನನ್ನ ವಯಸ್ಸಾದ ಕಣ್ಣು. ಅಂಚಿಗುಂಟ ಬೆರಳು ಆಡಿಸಿದೆ. ಹೆಬ್ಬೆಟ್ಟಿನ ಕೆಳಗೆ ಉಗುರು ಸಿಕ್ಕಿತು. ಉಗುರು ಹೋಗುವಷ್ಟು ಸೀಳಿತ್ತು. ಹಂಚಿಗೆ ಹಾಕಿದ್ದರೆ ನಡುತನಕ ಹೋಗುತ್ತಿತ್ತು.

"ಸೀಳ್ಯಾದ ಖರೆ," ಅಂದೆ.

ಅಧ್ಯಕ್ಷಿ ಬಗ್ಗಿ ತಾನೂ ಬೆರಳಿಟ್ಟು ನೋಡಿದಳು. ಹುಡುಗಿ ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ ಎದ್ದಳು. ಕಣ್ಣು ತೆಗೆದುಕೊಂಡೇ, ಯಾರ ಪರಾತವನ್ನೂ ಮೆಟ್ಟದೆ, ಎರಡೂ ಒಲಿ ದಾಟಿ ನನ್ನ ಮುಂದೆ ಬಂದು ನಿಂತಳು.

"ಏಳು ಆಯಿ. ಅದು ನನ್ನ ಒಲಿ."

ಮೊಣಕಾಲು ಹಿಡಿದುಕೊಂಡು ಎದ್ದೆ. ಆಕಿ ಕೂತಳು, ಸೀಳಿದ ರೊಟ್ಟಿಯನ್ನು ಮುದ್ದಿ ಮಾಡಿ ನಾದಿದಳು, ಕಣ್ಣು ಬಿಟ್ಟುಕೊಂಡೇ ಬಡಿಯಲಿಕ್ಕೆ ಸುರು ಮಾಡಿದಳು. ನಾನು ಸ್ವಲ್ಪ ಹೊತ್ತು ಸಪ್ಪಳ ಕೇಳುತ್ತ ನಿಂತೆ. ಧಪ್ ಅಂದದ್ದು ಚಟ್ ಚಟ್ ಆದ ಮೇಲೆ ನನ್ನ ಒಲಿಗೆ ಹೋದೆ.